ಹಿಂದಿನ ಸೀಟಿಗೆ ಪರದೆ: ಟ್ಯಾಬ್ ಹೋಲ್ಡರೋ, ಹೆಡ್‌ರೆಸ್ಟ್ ಮಾನಿಟರೋ, ಛಾವಣಿಯ ಪರದೆಯೋ?

ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರು. ತಿಂಡಿ, ಕಾಫಿ, ಶಿರಾಡಿ ಘಾಟಿಯ ಲಾರಿಗಳ ಸಾಲು ಎಲ್ಲ ಸೇರಿದರೆ ಏಳೆಂಟು ಗಂಟೆಯ ದಾರಿ. ಕಲಬುರಗಿಗೋ ಬೀದರಿಗೋ ಹೊರಟವರಿಗೆ ಇನ್ನೂ ಹೆಚ್ಚು. ಐದು ವರ್ಷದ ಮಗುವನ್ನು ಅಷ್ಟು ಹೊತ್ತು ಬೆಲ್ಟ್ ಹಾಕಿ ಒಂದೇ ಕಡೆ ಕೂರಿಸುವ ಕಷ್ಟ ಹೆತ್ತವರಿಗೆ ಗೊತ್ತು. ಬೇಸಿಗೆ ರಜೆಯೋ ದಸರೆಯೋ ಹತ್ತಿರ ಬಂದಾಗ ಹಿಂದಿನ ಸೀಟಿಗೊಂದು ಪರದೆ ಹಾಕಿಸೋಣವೇ ಎಂಬ ಮಾತು ಮನೆಮನೆಯಲ್ಲೂ ಏಳುತ್ತದೆ.

ಅಂಗಡಿಗೆ ಹೋದರೆ ಮಾತು ಶುರುವಾಗುವುದು ಇಂಚಿನಿಂದ. ಹತ್ತು ಇಂಚು ಸಾಕೇ, ಹದಿಮೂರು ಬೇಕೇ ಎಂದು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಪರದೆ ಎಲ್ಲಿ ಕೂರುತ್ತದೆ, ಅದನ್ನು ಯಾವುದು ಹಿಡಿದುಕೊಂಡಿದೆ, ಕರೆಂಟು ಎಲ್ಲಿಂದ ಬರುತ್ತದೆ ಎಂಬ ಮೂರನ್ನು ಮೊದಲು ಕೇಳಿಕೊಳ್ಳಬೇಕು. ಮಗುವಿನ ಕತ್ತು, ಹೊಟ್ಟೆ, ತಲೆ ಮೂರೂ ಈ ಮೂರು ಉತ್ತರಗಳನ್ನು ಅವಲಂಬಿಸಿವೆ.

ಮೊದಲು ನಿಮ್ಮ ಕಾರನ್ನು ನೋಡಿ

ಆಯ್ಕೆಗಳ ಪಟ್ಟಿ ಹಿಡಿಯುವ ಮೊದಲು ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕುಳಿತುಕೊಳ್ಳಿ. ಮುಂದಿನ ಸೀಟುಗಳ ಹೆಡ್‌ರೆಸ್ಟ್ ಎರಡು ಕಂಬಿಗಳ ಮೇಲೆ ನಿಂತಿದೆಯೇ, ಸೀಟಿನ ಬೆನ್ನಿಗೇ ಸೇರಿಕೊಂಡಿದೆಯೇ? ಮಾರುತಿ ಆಲ್ಟೊ, ಎಸ್‌-ಪ್ರೆಸೊದಂಥ ಕಾರುಗಳಲ್ಲಿ ಮುಂದಿನ ಹೆಡ್‌ರೆಸ್ಟ್ ಸೀಟಿನ ಭಾಗವಾಗಿಯೇ ಬರುತ್ತದೆ. ಅಲ್ಲಿ ಕಂಬಿಗೆ ಕಚ್ಚಿಕೊಳ್ಳುವ ಯಾವ ಹೋಲ್ಡರೂ ಮಾನಿಟರೂ ನಿಲ್ಲುವುದಿಲ್ಲ. ಸೀಟಿನ ಸುತ್ತ ಪಟ್ಟಿ ಬಿಗಿಯುವ ಬಗೆಯದನ್ನೇ ಹುಡುಕಬೇಕು.

ಆಮೇಲೆ ತಲೆ ಎತ್ತಿ ಛಾವಣಿ ನೋಡಿ. 2025ಕ್ಕೆ ಮುಂಚಿನ ಎರ್ಟಿಗಾಗಳಲ್ಲಿ ಎರಡನೇ ಸಾಲಿನ ಎಸಿ ಗಾಳಿ ಬರುವುದು ಮುಂದಿನ ಸೀಟುಗಳ ಹಿಂದೆ ಛಾವಣಿಯಲ್ಲಿರುವ ಘಟಕದಿಂದ. ಛಾವಣಿಯ ಪರದೆ ಬೇಕೆನ್ನುವ ಜಾಗವೂ ಅದೇ. ದೊಡ್ಡ ಗಾಜಿನ ಸನ್‌ರೂಫ್ ಇರುವ ಕಾರುಗಳಲ್ಲಂತೂ ಪರದೆಯನ್ನು ತಿರುಪು ಹಾಕಿ ನಿಲ್ಲಿಸಲು ಗಟ್ಟಿಯಾದ ತಗಡೇ ಸಿಗುವುದಿಲ್ಲ. ಈ ಎರಡು ಗುಂಪಿನ ಕಾರುಗಳವರು ಛಾವಣಿಯ ಆಯ್ಕೆಯನ್ನು ಇಲ್ಲಿಗೇ ಬಿಟ್ಟುಬಿಡಬಹುದು.

ಮೂರನೆಯದು ಹಿಂದಿನ ಸೀಟಿಗೆ ಇರುವ ಚಾರ್ಜಿಂಗ್ ಸೌಲಭ್ಯ. ಹಳೆಯ ಬಗೆಯ ಯುಎಸ್‌ಬಿ ಕಿಂಡಿಗಳು ಮೊಬೈಲಿಗೆ ಸಾಕು, ದೊಡ್ಡ ಟ್ಯಾಬಿಗೆ ಸಾಲವು. ಪರದೆಯ ಬೆಳಕು ಪೂರ್ತಿ ಇಟ್ಟು ಸಿನಿಮಾ ನೋಡುವಾಗ ಚಾರ್ಜ್ ಏರುವ ಬದಲು ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. 12 ವೋಲ್ಟ್ ಸಾಕೆಟ್ಟಿಗೆ ಹಾಕುವ, 20 ವಾಟ್ ಅಥವಾ ಹೆಚ್ಚಿನ ಸಾಮರ್ಥ್ಯದ ಟೈಪ್‌-ಸಿ ಚಾರ್ಜರ್ ತೆಗೆದುಕೊಂಡರೆ ಆ ಚಿಂತೆ ಇಲ್ಲ.

ಟ್ಯಾಬ್ ಮತ್ತು ಹೋಲ್ಡರ್

ಬಹುಪಾಲು ಮನೆಗಳಿಗೆ ನಾನು ಹೇಳುವುದು ಇದನ್ನೇ. ಮನೆಯಲ್ಲಿ ಈಗಾಗಲೇ ಒಂದು ಟ್ಯಾಬ್ ಇದ್ದರೆ ಖರ್ಚು ಹೋಲ್ಡರಿನದು ಮಾತ್ರ, ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಒಳ್ಳೆಯದೇ ಸಿಗುತ್ತದೆ. ಕಾರಿನ ಒಂದು ತಂತಿಯನ್ನೂ ಮುಟ್ಟಬೇಕಾಗಿಲ್ಲ. ಊರು ತಲುಪಿದ ಮೇಲೆ ಟ್ಯಾಬನ್ನು ಬಿಚ್ಚಿ ಒಳಗೆ ಒಯ್ಯಬಹುದು, ಕಾರು ಮಾರಿದರೂ ಅದು ನಿಮ್ಮಲ್ಲೇ ಉಳಿಯುತ್ತದೆ.

ಆದರೆ ಹೋಲ್ಡರನ್ನು ಅಗ್ಗದ ವಸ್ತುವೆಂದು ಕೈಗೆ ಸಿಕ್ಕಿದ್ದನ್ನು ತರಬಾರದು. ಹತ್ತು ಇಂಚಿನ ಟ್ಯಾಬ್ ಸುಮಾರು ಅರ್ಧ ಕಿಲೋ ತೂಗುತ್ತದೆ. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವ ಕಾರು ಏನಕ್ಕಾದರೂ ಗುದ್ದಿ ನಿಂತರೆ, ಬಿಡಿಯಾಗಿರುವ ಟ್ಯಾಬ್ ಅದೇ ವೇಗದಲ್ಲಿ ಮುಂದೆ ಹಾರುತ್ತದೆ. ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಕೆಳಗೆ ಬೀಳುವ ವಸ್ತುವಿಗೆ ನೆಲ ಮುಟ್ಟುವಾಗ ಇರುವ ವೇಗ ಇಷ್ಟೇ. ಈ ಕಾರಣಕ್ಕೆ ಸ್ಪ್ರಿಂಗಿನ ಎರಡು ಬೆರಳುಗಳಿಂದ ಮಾತ್ರ ಅಂಚು ಹಿಡಿಯುವ ಹೋಲ್ಡರ್ ನನಗೆ ಒಪ್ಪಿಗೆಯಿಲ್ಲ. ನಾಲ್ಕೂ ಮೂಲೆಗಳನ್ನು ಹಿಡಿಯುವಂಥದ್ದು, ಹೆಡ್‌ರೆಸ್ಟಿನ ಎರಡೂ ಕಂಬಿಗಳಿಗೆ ತಿರುಪಿನಿಂದ ಬಿಗಿಯುವಂಥದ್ದು ಬೇಕು. ಹಾಕಿದ ಮೇಲೆ ಕೈಯಿಂದ ಬಲವಾಗಿ ಎಳೆದು ನೋಡಿ. ಎಳೆತಕ್ಕೆ ಕಳಚಿಕೊಂಡರೆ ಅಂಗಡಿಗೇ ಹಿಂದಿರುಗಿಸಿ. ಮಗುವಿನ ತೊಡೆಯ ಮೇಲೆ ಟ್ಯಾಬ್ ಇಡುವುದಂತೂ ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಅಲ್ಲಿ ಅದನ್ನು ಹಿಡಿದಿರುವುದು ಪುಟ್ಟ ಕೈಗಳು ಮಾತ್ರ.

ಇಬ್ಬರು ಮಕ್ಕಳಿದ್ದರೆ ಎರಡು ಹೋಲ್ಡರೋ, ಎರಡು ಮುಂದಿನ ಸೀಟುಗಳ ನಡುವೆ ಚಾಚುವ ತೋಳಿನ ಒಂದೇ ಹೋಲ್ಡರೋ? ನಡುವಿನದಕ್ಕೆ ಒಂದು ದೊಡ್ಡ ಅನುಕೂಲವಿದೆ. ಪರದೆಯ ಪಕ್ಕದಲ್ಲೇ ಮುಂದಿನ ಗಾಜು, ಅದರಾಚೆ ರಸ್ತೆ ಕಾಣುತ್ತದೆ. ವಾಂತಿಯ ತೊಂದರೆ ಇರುವ ಮಕ್ಕಳಿಗೆ ಇದು ಬಹಳ ಒಳ್ಳೆಯದು. ಆದರೆ ತೋಳು ಉದ್ದವಾದಷ್ಟೂ ರಸ್ತೆಯ ಗುಂಡಿಗೆ ಪರದೆ ಅಲುಗಾಡುತ್ತದೆ, ಹಿಂದೆ ಮಧ್ಯದಲ್ಲಿ ಒಬ್ಬರು ಕೂರುವವರಿದ್ದರೆ ಅವರ ಮುಖದ ನೇರಕ್ಕೆ ಗಟ್ಟಿ ಪ್ಲಾಸ್ಟಿಕ್ ನಿಂತಂತಾಗುತ್ತದೆ. ಹಿಂದೆ ಇಬ್ಬರೇ ಕೂರುವ ಕಾರಿಗೆ ಮಾತ್ರ ನಡುವಿನ ಹೋಲ್ಡರ್ ಸರಿ.

ಟ್ಯಾಬಿನ ನಿಜವಾದ ದೌರ್ಬಲ್ಯ ಬಿಸಿಲು. ಐಪ್ಯಾಡನ್ನು 35 ಡಿಗ್ರಿವರೆಗಿನ ವಾತಾವರಣದಲ್ಲಿ ಬಳಸಬೇಕು, 45 ಡಿಗ್ರಿ ಮೀರುವ ಕಡೆ ಇಡಬಾರದು ಎಂಬುದು ಆಪಲ್‌ನ ಸೂಚನೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ ಈ ಮಿತಿ ಬೇಗನೆ ದಾಟುತ್ತದೆ. ಲಿಥಿಯಂ ಬ್ಯಾಟರಿ ಆ ಶಾಖದಲ್ಲಿ ಉಬ್ಬಿಕೊಳ್ಳುವ ಅಪಾಯವಿದೆ. ಬಯಲುಸೀಮೆಯವರು ಊಟಕ್ಕೆ ಇಳಿದಾಗಲೂ ಟ್ಯಾಬನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳಬೇಕು. ಅದು ಸಾಧ್ಯವಿಲ್ಲ ಎನ್ನುವವರಿಗೆ ಮುಂದಿನ ಆಯ್ಕೆ ಹೆಚ್ಚು ಹೊಂದುತ್ತದೆ.

ಹೆಡ್‌ರೆಸ್ಟಿಗೆ ಕಚ್ಚಿಸುವ ಆಂಡ್ರಾಯ್ಡ್ ಮಾನಿಟರ್

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಾಲಾಗಿ ನೇತುಹಾಕಿರುವುದು ಇವನ್ನೇ. ಹೆಡ್‌ರೆಸ್ಟಿನ ಕಂಬಿಗೆ ಒಂದು ಹಿಡಿ ಬಿಗಿದು, ಅದಕ್ಕೆ ಹತ್ತರಿಂದ ಹದಿಮೂರು ಇಂಚಿನ ಪರದೆಯನ್ನು ಸಿಕ್ಕಿಸುತ್ತಾರೆ. ಕರೆಂಟು ಕಾರಿನ 12 ವೋಲ್ಟಿನಿಂದ ನೇರವಾಗಿ ಬರುತ್ತದೆ. ಹೆಚ್ಚಿನವುಗಳಲ್ಲಿ ಒಳಗೆ ಬ್ಯಾಟರಿಯೇ ಇರುವುದಿಲ್ಲ, ಹೀಗಾಗಿ ಬಿಸಿಲಿನ ಭಯ ಟ್ಯಾಬಿಗಿಂತ ಕಡಿಮೆ. ಚಾರ್ಜ್ ಮುಗಿಯಿತೆಂಬ ಅಳುವೂ ಇಲ್ಲ. ಎಚ್‌ಡಿಎಂಐ ಕಿಂಡಿ ಇರುವ ಮಾದರಿಗೆ ವಿಡಿಯೋ ಗೇಮ್ ಪೆಟ್ಟಿಗೆಯನ್ನೂ ಜೋಡಿಸಬಹುದು.

ಇಲ್ಲಿ ಕೊಳ್ಳುವವರು ಎಡವುವುದು ಚಿತ್ರದ ಸ್ಪಷ್ಟತೆಯ ವಿಷಯದಲ್ಲಿ. ಡಬ್ಬಿಯ ಮೇಲೆ ಫುಲ್ ಎಚ್‌ಡಿ, ಕೆಲವೊಮ್ಮೆ 4ಕೆ ಎಂದೂ ಬರೆದಿರುತ್ತದೆ. ಪರದೆಗೆ ಆ ಶಕ್ತಿ ಇದ್ದರೂ ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೋದಂಥ ಸೇವೆಗಳು ಸಾಧನದಲ್ಲಿ ಗೂಗಲ್‌ನ ವೈಡ್‌ವೈನ್ ಎಂಬ ರಕ್ಷಣಾ ವ್ಯವಸ್ಥೆಯ ಮಟ್ಟವನ್ನು ನೋಡಿ ಚಿತ್ರ ಕಳಿಸುತ್ತವೆ. ಎಲ್‌1 ಮಟ್ಟವಿದ್ದರೆ ಎಚ್‌ಡಿ. ಎಲ್‌3 ಇದ್ದರೆ ಸಾಮಾನ್ಯವಾಗಿ 480 ಸಾಲುಗಳ ಮಸುಕು ಚಿತ್ರ. ಅಗ್ಗದ ಮಾನಿಟರುಗಳಲ್ಲಿ ಬಹುತೇಕ ಎಲ್‌3 ಇರುತ್ತದೆ, ಕೆಲವದರಲ್ಲಿ ಆಪ್ ತೆರೆಯುವುದೇ ಇಲ್ಲ. ಹಣ ಕೊಡುವ ಮೊದಲು ಅಂಗಡಿಯಲ್ಲೇ ನಿಮ್ಮ ಖಾತೆಯಿಂದ ಲಾಗಿನ್ ಆಗಿ ಐದು ನಿಮಿಷ ಓಡಿಸಿ ನೋಡಿ, ಆಮೇಲೆ ಮರೆಯದೆ ಲಾಗೌಟ್ ಆಗಿ. ಸಾಧನದ ಎಲ್‌1, ಎಲ್‌3 ಮಟ್ಟವನ್ನು ತೋರಿಸುವ ಉಚಿತ ಆಪ್‌ಗಳೂ ಇವೆ. ಮನೆಯಲ್ಲಿರುವ ಹೆಸರುವಾಸಿ ಕಂಪನಿಯ ಟ್ಯಾಬ್ ಈ ಒಂದು ವಿಷಯದಲ್ಲಿ ಹೊಸ ಮಾನಿಟರಿಗಿಂತ ಉತ್ತಮವಾಗಿರುವ ಸಾಧ್ಯತೆಯೇ ಹೆಚ್ಚು.

ಇನ್ನೊಂದು ಮಾತು. ಈ ಮಾನಿಟರುಗಳಲ್ಲಿ ಸಿಮ್ ಹಾಕುವ ಜಾಗ ಅಪರೂಪ, ಮೊಬೈಲಿನ ಹಾಟ್‌ಸ್ಪಾಟ್ ನಂಬಿರುತ್ತವೆ. ಶಿರಾಡಿ, ಚಾರ್ಮಾಡಿ, ಆಗುಂಬೆ, ಯಾವ ಘಟ್ಟ ಇಳಿದರೂ ಮಧ್ಯದಲ್ಲಿ ನೆಟ್‌ವರ್ಕ್ ಕೈಬಿಡುವ ಜಾಗಗಳಿವೆ. ಸಾಧನದ ಒಳಗೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಲು ಜಾಗ ಎಷ್ಟಿದೆ ಎಂದು ಕೇಳಿ. 16 ಜಿಬಿ ಎಂದರೆ ಆಂಡ್ರಾಯ್ಡ್ ತನಗೆ ಬೇಕಾದಷ್ಟು ತೆಗೆದುಕೊಂಡ ಮೇಲೆ ಉಳಿಯುವುದು ಕಡಿಮೆ. 64 ಜಿಬಿ ಇದ್ದರೆ ನಿಶ್ಚಿಂತೆ.

ಇಡೀ ಹೆಡ್‌ರೆಸ್ಟನ್ನೇ ಬದಲಿಸುವುದು ಬೇಡ

ಮೂಲ ಹೆಡ್‌ರೆಸ್ಟ್ ತೆಗೆದು, ಒಳಗೆ ಪರದೆ ಕೂರಿಸಿದ ಇನ್ನೊಂದನ್ನು ಹಾಕುವ ಪದ್ಧತಿಯೂ ಇದೆ. ನೋಟಕ್ಕೆ ಚೆಂದ, ಕಂಪನಿಯಿಂದಲೇ ಬಂದಂತೆ ಕಾಣುತ್ತದೆ. ನಾನು ಯಾರಿಗೂ ಇದನ್ನು ಹೇಳುವುದಿಲ್ಲ. ಹೆಡ್‌ರೆಸ್ಟ್ ಇರುವುದು ಒರಗಿ ನಿದ್ದೆ ಮಾಡುವುದಕ್ಕಲ್ಲ. ಹಿಂದಿನಿಂದ ಇನ್ನೊಂದು ವಾಹನ ಗುದ್ದಿದಾಗ ಮುಂದೆ ಕೂತವರ ತಲೆ ಹಿಂದಕ್ಕೆ ಮುರಿದು ಬೀಳದಂತೆ ತಡೆದು ಕತ್ತಿನ ಮೂಳೆಗಳನ್ನು ಉಳಿಸುವುದು ಅದರ ಕೆಲಸ. ಕಾರು ತಯಾರಕರು ಅದರ ಎತ್ತರ, ಒಳಗಿನ ಫೋಮು, ಕಂಬಿಯ ಗಟ್ಟಿತನ ಎಲ್ಲವನ್ನೂ ಆ ಸೀಟಿಗೆಂದೇ ಪರೀಕ್ಷಿಸಿ ಇಟ್ಟಿರುತ್ತಾರೆ. ಯಾವುದೋ ಕಾರ್ಖಾನೆಯ, ಎಲ್ಲ ಕಾರಿಗೂ ಹೊಂದುತ್ತದೆ ಎನ್ನುವ ಬದಲಿ ಹೆಡ್‌ರೆಸ್ಟ್ ಆ ಪರೀಕ್ಷೆಗೆ ಒಳಗಾಗಿದೆಯೆಂಬ ಭರವಸೆ ಏನೂ ಇಲ್ಲ. ಮಗುವಿಗೆ ಸಿನಿಮಾ ತೋರಿಸಲು ಮುಂದೆ ಕೂತ ತಂದೆ ತಾಯಿಯರ ಕತ್ತನ್ನು ಪಣಕ್ಕಿಡುವ ಅಗತ್ಯವಿಲ್ಲ.

ಛಾವಣಿಯಿಂದ ಇಳಿಯುವ ಪರದೆ

ಮೂರು ಸಾಲಿನ ವಾಹನಗಳಿಗೆ, ಟೆಂಪೊ ಟ್ರಾವೆಲರ್‌ನಂಥವಕ್ಕೆ ಇದು ಅರ್ಥಪೂರ್ಣ. ಹಳೆಯ ವಿಡಿಯೋ ಕೋಚ್ ಬಸ್ಸುಗಳಂತೆ ಎಲ್ಲರಿಗೂ ಒಂದೇ ಪರದೆ, ಮೂರನೇ ಸಾಲಿನ ಅಜ್ಜಿಗೂ ಕಾಣುತ್ತದೆ. ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲಿರುವುದರಿಂದ ಯಾರೂ ತಲೆ ಬಗ್ಗಿಸಬೇಕಾಗಿಲ್ಲ.

ಐದು ಸೀಟಿನ ಕಾರಿನಲ್ಲಿ ಮಾತ್ರ ಇದರ ಲೆಕ್ಕ ಬೇರೆ. ಪರದೆ ಕೆಳಗೆ ಇಳಿದಾಗ ಚಾಲಕನ ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಮುಚ್ಚಿಹೋಗುತ್ತದೆ. ರಾತ್ರಿ ಅದರ ಬೆಳಕು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಚಾಲಕನ ಕಣ್ಣಿಗೆ ಹೊಡೆಯುತ್ತದೆ. ಎತ್ತರದ ವ್ಯಕ್ತಿ ಹತ್ತುವಾಗ ಇಳಿಯುವಾಗ ಹಣೆಗೆ ತಗಲುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಏರ್‌ಬ್ಯಾಗ್. ಆರು ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಕರ್ಟನ್ ಏರ್‌ಬ್ಯಾಗ್ ಛಾವಣಿಯ ಎರಡೂ ಅಂಚಿನ ಉದ್ದಕ್ಕೂ, ಬಟ್ಟೆಯ ಒಳಗೆ ಮಡಚಿ ಕೂತಿರುತ್ತದೆ. ಪರದೆಗೆ ತಂತಿ ಎಳೆಯಲು ಛಾವಣಿಯ ಬಟ್ಟೆ ಇಳಿಸಿ, ಕಿಟಕಿ ಪಕ್ಕದ ಕಂಬದ ಒಳಗಿಂದ ತಂತಿ ತರುತ್ತಾರೆ. ಆ ತಂತಿ ಏರ್‌ಬ್ಯಾಗಿನ ಮುಂದೆ ಅಡ್ಡ ಹೋದರೆ, ಅಥವಾ ಬಟ್ಟೆಯನ್ನು ಮತ್ತೆ ಕೂರಿಸುವಾಗ ಕ್ಲಿಪ್ ಸರಿಯಾಗಿ ಬೀಳದಿದ್ದರೆ, ಅಪಘಾತದ ಹೊತ್ತಿನಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳುವ ದಾರಿ ಕೆಡುತ್ತದೆ. ಈ ಕೆಲಸ ಮಾಡಿಸಲೇಬೇಕೆಂದಿದ್ದರೆ ಆ ಮಾದರಿಯ ಕಾರನ್ನು ಬಿಚ್ಚಿ ಅಭ್ಯಾಸವಿರುವ, ತಂತಿಯನ್ನು ಏರ್‌ಬ್ಯಾಗಿನ ಹಿಂದಿನಿಂದ ತರುತ್ತೇನೆ ಎಂದು ತಾನಾಗಿಯೇ ಹೇಳುವ ಕೆಲಸಗಾರನಿಗೆ ಮಾತ್ರ ಕೊಡಿ. ಹಳದಿ ಬಣ್ಣದ ಕಪ್ಲರ್, ಅಂದರೆ ತಂತಿಗಳು ಸೇರುವ ಜೋಡಣೆ, ಏರ್‌ಬ್ಯಾಗಿನದು, ಅದನ್ನು ಯಾರೂ ಮುಟ್ಟುವಂತಿಲ್ಲ. ವಿದ್ಯುತ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್ಲುಗಳ ಹತ್ತಿರಕ್ಕೂ ಹೋಗಬಾರದು.

ಕಂಪನಿಯಿಂದಲೇ ಬರುವುದು

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಇದಕ್ಕಾಗಿಯೇ ಕಾರು ಬದಲಿಸುವವರು ವಿರಳ. ಟೊಯೋಟಾ ವೆಲ್‌ಫೈರ್‌ನಲ್ಲಿ ಛಾವಣಿಯಿಂದ ಇಳಿಯುವ 14 ಇಂಚಿನ ಪರದೆ ಬರುತ್ತದೆ. ಮಹೀಂದ್ರದ ಎಕ್ಸ್‌ಇವಿ 9ಇ ಪರದೆ ಕೊಡುವ ಬದಲು, ನಿಮ್ಮದೇ ಟ್ಯಾಬನ್ನು ಮುಂದಿನ ಸೀಟಿನ ಬೆನ್ನಿಗೆ ಸಿಕ್ಕಿಸುವ ವ್ಯವಸ್ಥೆಯ ದಾರಿ ಹಿಡಿದಿದೆ. ಎರಡನೆಯದೇ ಬುದ್ಧಿವಂತಿಕೆಯದು ಎಂದು ನನಗನಿಸುತ್ತದೆ. ಕಾರು ಹತ್ತು ವರ್ಷ ಓಡುತ್ತದೆ, ಅದರೊಳಗೆ ಕೂರಿಸಿದ ಪರದೆಯ ಸಾಫ್ಟ್‌ವೇರ್ ಅದಕ್ಕಿಂತ ಬಹಳ ಮೊದಲೇ ಹಳತಾಗುತ್ತದೆ.

ಘಟ್ಟ, ಹೊಟ್ಟೆ, ಕಿವಿ

ಪರದೆ ನೋಡುತ್ತ ಘಟ್ಟ ಇಳಿಯುವ ಮಗುವಿಗೆ ವಾಕರಿಕೆ ಏಕೆ ಬರುತ್ತದೆ? ಕಣ್ಣಿಗೆ ಕಾಣುವ ಪರದೆ ನಿಂತಲ್ಲೇ ನಿಂತಿದೆ. ಒಳಕಿವಿಗೆ ಮಾತ್ರ ದೇಹ ಎಡಕ್ಕೆ, ಬಲಕ್ಕೆ ವಾಲುತ್ತಿರುವುದು ಗೊತ್ತಾಗುತ್ತಿದೆ. ಮಿದುಳಿಗೆ ಎರಡು ಕಡೆಯಿಂದ ಎರಡು ಸುದ್ದಿ ಬಂದಾಗ ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದ ನಡುವಿನ ಮಕ್ಕಳಲ್ಲಿ ಇದು ಹೆಚ್ಚು, ಅಂದರೆ ನಾವು ಯಾರಿಗಾಗಿ ಪರದೆ ಹಾಕಿಸುತ್ತೇವೆಯೋ ಅವರಲ್ಲೇ. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಪರದೆ ನೋಡುತ್ತ ದಾಟಲು ಯಾವ ಮಗುವನ್ನೂ ಬಿಡಬೇಡಿ. ಘಟ್ಟ ಶುರುವಾಗುವ ಮೊದಲೇ ಪರದೆ ಆರಿಸಿ, ಕಿಟಕಿಯಾಚೆ ನೋಡಲು ಹೇಳಿ. ಕಥೆಯೋ ಹಾಡೋ ಕಾರಿನ ಸ್ಪೀಕರಿನಲ್ಲಿ ಬರಲಿ. ನೇರ ಹೆದ್ದಾರಿಯಲ್ಲೂ ಪರದೆ ಮಗುವಿನ ಕಣ್ಣಿನ ಮಟ್ಟದಲ್ಲಿರಬೇಕು. ಸೀಟಿನ ಬೆನ್ನಿನ ಜೇಬಿನಲ್ಲಿ ಟ್ಯಾಬ್ ತುರುಕಿದರೆ ತಲೆ ಬಗ್ಗುತ್ತದೆ, ವಾಕರಿಕೆಯೂ ಬೇಗ ಬರುತ್ತದೆ.

ಒಂದು ವರ್ಷದೊಳಗಿನ ಮಗುವಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಏಳು ಗಂಟೆಯ ದಾರಿಗೆ ಏಳು ಗಂಟೆಯ ಕಾರ್ಟೂನ್ ತುಂಬಿಸಿಕೊಳ್ಳುವ ಮೊದಲು ಇದನ್ನು ನೆನೆಯಬೇಕು. ಹಾಸನದಲ್ಲಿ ತಿಂಡಿಗೆ ನಿಲ್ಲಿಸುವವರೆಗೆ ಹಾಡು, ಆಮೇಲೆ ಸಕಲೇಶಪುರದವರೆಗೆ ಒಂದು ಚಿತ್ರ ಎಂಬಂಥ ಒಪ್ಪಂದವನ್ನು ಹೊರಡುವ ಮೊದಲೇ ಮಗುವಿನೊಂದಿಗೆ ಮಾಡಿಕೊಂಡರೆ ದಾರಿಯಲ್ಲಿ ಜಗಳ ಕಡಿಮೆ.

ಶಬ್ದಕ್ಕೆ ಹೆಡ್‌ಫೋನ್ ಕೊಡುವುದಾದರೆ ಮಕ್ಕಳಿಗೆಂದೇ ಧ್ವನಿಮಿತಿ ಇಟ್ಟದ್ದನ್ನು ಕೊಡಿ. ವಾರಕ್ಕೆ 40 ಗಂಟೆ ಕೇಳುವ ಮಕ್ಕಳಿಗೆ 75 ಡೆಸಿಬೆಲ್ ಮಿತಿ ಎನ್ನುತ್ತದೆ ಅದೇ ಸಂಸ್ಥೆ. ಟೈರು, ಗಾಳಿ, ಎಂಜಿನ್ನಿನ ಗದ್ದಲದ ನಡುವೆ ಮಗು ತಾನಾಗಿಯೇ ಧ್ವನಿ ಏರಿಸುತ್ತ ಹೋಗುತ್ತದೆ. ಕಿವಿಯೊಳಗೆ ತೂರಿಸುವ ಬಗೆಯದು ಬೇಡ, ಕಿವಿಯ ಮೇಲೆ ಕೂರುವಂಥದ್ದಿರಲಿ. ತಂತಿಯಿರುವುದಾದರೆ ಅದು ಮಗುವಿನ ಕತ್ತಿನ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.

ಪರದೆ ಸರಿಯಾಗಿ ಕಾಣಲಿ ಎಂದು ಮಗುವಿನ ಬೆಲ್ಟ್ ಸಡಿಲಿಸಬಾರದು, ಸೀಟಿನ ಅಂಚಿಗೆ ಸರಿಯಲೂ ಬಿಡಬಾರದು. ಮೋಟಾರು ವಾಹನ ಕಾಯ್ದೆಯ 194ಬಿ ವಿಧಿಯ ಪ್ರಕಾರ 14 ವರ್ಷದೊಳಗಿನ ಮಗು ಬೆಲ್ಟ್ ಅಥವಾ ಮಕ್ಕಳ ಸೀಟಿನ ರಕ್ಷಣೆ ಇಲ್ಲದೆ ಕೂತಿದ್ದರೆ 1,000 ರೂಪಾಯಿ ದಂಡ. ಪರದೆಯನ್ನೇ ಮಗುವಿನ ಕಡೆ ತಿರುಗಿಸಿ.

ತಂತಿ ಎಳೆಸುವವರಿಗೆ

ಪರದೆಯ ಜೊತೆ ಬರುವ ಸಿಗರೇಟ್ ಲೈಟರ್ ಪ್ಲಗ್ ಸಾಕೆನಿಸಿದರೆ ಅಲ್ಲಿಗೇ ನಿಲ್ಲಿಸಿ. ಆ ಸಾಕೆಟ್ಟಿನ ಮಿತಿ ಸಾಮಾನ್ಯವಾಗಿ 120 ವಾಟ್. ಎರಡು ಪರದೆ, ಒಂದು ಡ್ಯಾಶ್‌ಕ್ಯಾಮ್, ಒಂದು ಮೊಬೈಲ್ ಚಾರ್ಜರ್ ಸೇರಿದರೂ ಅಷ್ಟಾಗುವುದು ಕಷ್ಟ. ಕೆಲವು ಕಾರುಗಳಲ್ಲಿ ಈ ಸಾಕೆಟ್ ಕೀಲಿ ತೆಗೆದ ಮೇಲೂ ಜೀವಂತವಾಗಿರುತ್ತದೆ. ಸುಮಾರು 18 ವಾಟಿನ ಪರದೆಯೊಂದು ರಾತ್ರಿಯಿಡೀ ಹತ್ತು ಗಂಟೆ ಉರಿದರೆ ಬ್ಯಾಟರಿಯಿಂದ 15 ಆಂಪಿಯರ್ ಗಂಟೆಯಷ್ಟು ಖಾಲಿಯಾಗುತ್ತದೆ. ಸಣ್ಣ ಕಾರಿನ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ ಸುಮಾರು 35. ಬ್ಯಾಟರಿ ಹಳೆಯದಾಗಿದ್ದರೆ ಬೆಳಿಗ್ಗೆ ಕಾರು ಸ್ಟಾರ್ಟ್ ಆಗುವುದು ಅನುಮಾನ.

ಒಳಗಿನಿಂದ ತಂತಿ ಎಳೆಸುವುದಾದರೆ ಎಲೆಕ್ಟ್ರಿಷಿಯನ್‌ಗೆ ಎರಡು ಷರತ್ತು ಹಾಕಿ. ಕರೆಂಟನ್ನು ಫ್ಯೂಸ್ ಬಾಕ್ಸಿನಿಂದ, ಕೀಲಿ ತೆಗೆದಾಗ ಆರುವ ಲೈನಿನಿಂದ, ಪರದೆಗೆಂದೇ ಬೇರೆ ಫ್ಯೂಸ್ ಇಟ್ಟು ತೆಗೆದುಕೊಳ್ಳಬೇಕು. ಕಂಪನಿಯ ತಂತಿಯ ಮೇಲ್ಪದರ ಸೀಳಿ, ಸುತ್ತಿ, ಟೇಪ್ ಅಂಟಿಸುವಂತಿಲ್ಲ. ಅಂಥ ಜಾಯಿಂಟ್ ಒಂದು ಬೇಸಿಗೆಯ ಶಾಖಕ್ಕೆ ಅಂಟು ಬಿಟ್ಟು ತೆರೆದುಕೊಳ್ಳುತ್ತದೆ. ಕಾರಿನ ವಿದ್ಯುತ್ ಭಾಗಗಳ ವಾರಂಟಿ ತಿರಸ್ಕರಿಸಲು ಸರ್ವೀಸ್ ಸೆಂಟರಿಗೂ ಅದೊಂದೇ ಕಾರಣ ಸಾಕು. ಮುಂದಿನ ಸೀಟಿನ ಕೆಳಗಿನಿಂದ ತಂತಿ ಬರುವಾಗ ಸೀಟನ್ನು ಪೂರ್ತಿ ಹಿಂದೆ, ಪೂರ್ತಿ ಮುಂದೆ ಸರಿಸಿ ಎಲ್ಲೂ ಸಿಕ್ಕಿಕೊಳ್ಳದೆಂದು ನೋಡಬೇಕು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಅಲ್ಲಿ ಪಟ್ಟಿ, ತಂತಿ, ಕವರ್ ಯಾವುದೂ ಅಡ್ಡ ಬರಬಾರದು.

ಕೆಲಸ ಮುಗಿದ ಮೇಲೆ ಅಂಗಡಿಯಿಂದ ಹೊರಡುವ ಮೊದಲು ಎಂಜಿನ್ ಚಾಲೂ ಮಾಡಿ, ಪರದೆ ಹಚ್ಚಿ, ರೇಡಿಯೊ ಹಾಕಿ ಕೇಳಿ. ಕಳಪೆ ಸರ್ಕ್ಯೂಟಿನ ಪರದೆ, ಚಾರ್ಜರುಗಳು ಎಫ್‌ಎಂ ವಾಹಿನಿಗಳನ್ನು ಗೊರಗೊರ ಸದ್ದಿನಲ್ಲಿ ಮುಳುಗಿಸುತ್ತವೆ. ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗಿನ ದೀಪ ಹತ್ತಿಕೊಂಡೇ ಉಳಿದಿದ್ದರೆ ಅಲ್ಲಿಂದ ಕದಲಬೇಡಿ. ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ವಿಮೆಯಲ್ಲಿ ಹೊರಗಿನಿಂದ ಹಾಕಿಸಿದ ಎಲೆಕ್ಟ್ರಾನಿಕ್ ಉಪಕರಣಗಳಿಗೆ ಐಎಂಟಿ 24 ಎಂಬ ಹೆಚ್ಚುವರಿ ರಕ್ಷಣೆ ಇದೆ, ಸಾಮಾನ್ಯವಾಗಿ ಉಪಕರಣದ ಮೌಲ್ಯದ ಶೇಕಡಾ 4ರಷ್ಟು ಪ್ರೀಮಿಯಂ. ಇಪ್ಪತ್ತು ಸಾವಿರದ ಪರದೆಗೆ ವರ್ಷಕ್ಕೆ 800 ರೂಪಾಯಿ, ಮೇಲೆ ತೆರಿಗೆ. ಕಾರಿಗೇ ಕಾಯಂ ಆಗಿ ಕೂರಿಸಿದ ಪರದೆಯಾದರೆ ಮುಂದಿನ ನವೀಕರಣದಲ್ಲಿ ಇದನ್ನು ಸೇರಿಸಿಕೊಳ್ಳಿ. ಬಿಚ್ಚಿ ಒಯ್ಯುವ ಟ್ಯಾಬಿಗೆ ಇದರ ಗೊಡವೆ ಇಲ್ಲ.